ದೊಡ್ಡ ಜೆಟ್ ಹಾಕಿದರೆ ಹಳೇ ಬೈಕಿನ ಪವರ್ ಹೆಚ್ಚುತ್ತದೆಯೇ? ಕೊಡಗಿನ ಏರುದಾರಿಯ ಲೆಕ್ಕ

ಹಳೇ ಜಾವಾ, ಯೆಜ್ಡಿ, ಬುಲೆಟ್, ಆರ್‌ಎಕ್ಸ್ 100 ಇಟ್ಟುಕೊಂಡವರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. “ಕಾರ್ಬುರೇಟರ್‌ನ ಮೇನ್ ಜೆಟ್ ಎರಡು ನಂಬರ್ ದೊಡ್ಡದು ಹಾಕಿಸಿ, ಏರ್ ಫಿಲ್ಟರ್ ತೆಗೆದುಬಿಡಿ, ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ. ಕಂಪನಿಯವರು ಇದನ್ನು ಹೇಳಿಕೊಡುವುದಿಲ್ಲ” ಎಂಬುದು ಅದರ ಸಾರ. ಜೊತೆಗೆ ಒಂದು ಜೆಟ್ ನಂಬರ್, ಒಂದು ವಿಡಿಯೋ, ಕೆಳಗೆ “ಎಲ್ಲರಿಗೂ ಕಳುಹಿಸಿ” ಎಂಬ ಸಾಲು.

ಈ ಮಾತಿನಲ್ಲಿ ನಿಜ ಎಷ್ಟು? ಚಿಕ್ಕದಾಗಿ ಹೇಳುವುದಾದರೆ, ಕಾರ್ಬುರೇಟರ್ ಶಕ್ತಿ ಹುಟ್ಟಿಸುವ ಯಂತ್ರವಲ್ಲ, ಅದು ಪೆಟ್ರೋಲ್ ಅಳೆದು ಕೊಡುವ ಸಾಧನ. ಅಳತೆ ತಪ್ಪಿದ್ದರೆ ಸರಿಪಡಿಸಿದಾಗ ಕಳೆದುಹೋದ ಶಕ್ತಿ ವಾಪಸ್ ಬರುತ್ತದೆ. ಅಳತೆ ಮೊದಲೇ ಸರಿ ಇದ್ದರೆ ಬದಲಿಸಿದಾಗ ನಷ್ಟವೇ ಆಗುತ್ತದೆ. ಸರಿಯಾದ ಅಳತೆ ಯಾವುದು ಎಂಬುದು ನೀವಿರುವ ಊರಿನ ಎತ್ತರ, ಹವೆ ಮತ್ತು ಬಂಕ್‌ನಲ್ಲಿ ಸಿಗುವ ಪೆಟ್ರೋಲ್ ಮೇಲೆ ನಿಂತಿದೆ. ಚೆನ್ನೈಯಲ್ಲಿ ಸರಿಹೋದ ಜೆಟ್ ನಂಬರ್ ಮಡಿಕೇರಿಗೆ ಸರಿಹೋಗಬೇಕೆಂದಿಲ್ಲ. ಟೂ ಸ್ಟ್ರೋಕ್ ಬೈಕ್‌ಗಳಲ್ಲಿ ಈ ತಪ್ಪು ಇಂಜಿನ್ ಸೀಜ್ ಆಗುವವರೆಗೂ ಹೋಗಬಹುದು. ಅದು ಘಾಟಿಯ ತಿರುವಿನಲ್ಲಿ ಆದರೆ ಸವಾರನ ಜೀವಕ್ಕೇ ಅಪಾಯ.

ಕೊಡಗಿನಲ್ಲಿ ಈ ಪ್ರಶ್ನೆ ಏಕೆ ಮುಖ್ಯ?

ಕೊಡಗಿಗೆ ಹಳೇ ಬೈಕುಗಳು ಹೊಸತಲ್ಲ. ಪಕ್ಕದ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ಇಲ್ಲೇ ತಯಾರಿಸತೊಡಗಿತು. 1970ರ ದಶಕದಲ್ಲಿ ಅದೇ ಕಾರ್ಖಾನೆಯಿಂದ ಯೆಜ್ಡಿ ಹೆಸರಿನ ಬೈಕುಗಳು ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾಫಿ ತೋಟದ ಕಲ್ಲುದಾರಿ, ಕಡಿದಾದ ಏರು, ಸುರಿಯುವ ಮಳೆ ಇವೆಲ್ಲಕ್ಕೂ ಬಗ್ಗುವ ಗಟ್ಟಿ ಬೈಕುಗಳೆಂದು ಇವಕ್ಕೆ ಹೆಸರಿತ್ತು. 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100 ಇನ್ನೊಂದು ಪೀಳಿಗೆಯ ಪ್ರೀತಿಯ ಬೈಕು. 98 ಸಿಸಿಯ ಆ ಪುಟ್ಟ ಇಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು.

ಇವೆಲ್ಲವೂ ಕಾರ್ಬುರೇಟರ್ ಕಾಲದ ಬೈಕುಗಳು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಮಾರುಕಟ್ಟೆಗೆ ಬಂದ ಬಹುತೇಕ ಬೈಕುಗಳಲ್ಲಿ ಫ್ಯೂಯಲ್ ಇಂಜೆಕ್ಷನ್ ಇದೆ. ಅದರಲ್ಲಿರುವ ಸೆನ್ಸರ್‌ಗಳು ಗಾಳಿಯ ಸ್ಥಿತಿ ನೋಡಿ ಪೆಟ್ರೋಲಿನ ಅಳತೆಯನ್ನು ತಾವೇ ಬದಲಿಸುತ್ತವೆ. ಹಳೇ ಬೈಕಿಗೆ ಆ ಅರಿವಿಲ್ಲ. ಮಂಗಳೂರಿನ ಕಡಲತೀರದಲ್ಲಿದ್ದರೂ ತಲಕಾವೇರಿಯಲ್ಲಿದ್ದರೂ ಅದರ ಜೆಟ್ಟಿನ ತೂತು ಒಂದೇ ಗಾತ್ರದ್ದು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆ ಘಾಟಿ ಇಳಿದು ಸುಳ್ಯದ ಕಡೆಗೆ ಹೋದರೆ ಒಂದು ಗಂಟೆಯೊಳಗೆ ಸುಮಾರು ಸಾವಿರ ಮೀಟರ್ ಕೆಳಗಿರುತ್ತೀರಿ. ಒಂದೇ ಜಿಲ್ಲೆಯ ಸವಾರ ಒಂದೇ ದಿನದಲ್ಲಿ ಎರಡು ಬಗೆಯ ಗಾಳಿಯಲ್ಲಿ ಬೈಕ್ ಓಡಿಸುತ್ತಾನೆ.

ಕಾರ್ಬುರೇಟರ್ ಮಾಡುವ ಕೆಲಸವೇನು?

ಪೆಟ್ರೋಲ್ ತಾನಾಗಿ ಉರಿಯುವುದಿಲ್ಲ, ಅದಕ್ಕೆ ಗಾಳಿಯ ಆಮ್ಲಜನಕ ಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾಗುತ್ತದೆ. ಇದನ್ನೇ ಲೀಟರ್ ಲೆಕ್ಕದಲ್ಲಿ ಹೇಳಿದರೆ, ಒಂದು ಲೀಟರ್ ಪೆಟ್ರೋಲಿಗೆ ಸುಮಾರು 9 ಸಾವಿರ ಲೀಟರ್ ಗಾಳಿ. ಮನೆಯ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ, ಅಂಥ ಒಂಬತ್ತು ಟ್ಯಾಂಕ್ ತುಂಬುವಷ್ಟು.

ಹಾಗಾಗಿ ಇಂಜಿನ್ ಎಷ್ಟು ಶಕ್ತಿ ಕೊಡಬಲ್ಲದು ಎಂಬುದನ್ನು ನಿರ್ಧರಿಸುವುದು ಅದರೊಳಗೆ ಹೋಗುವ ಗಾಳಿ. ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸೇರಿಸುವುದಷ್ಟೇ ಕಾರ್ಬುರೇಟರ್ ಕೆಲಸ. ಅದರ ನಡುವೆ ಕೊಳವೆ ಕಿರಿದಾಗುತ್ತದೆ. ಕಿರಿದಾದಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಸೆಳೆತಕ್ಕೆ ಕೆಳಗಿನ ಬಟ್ಟಲಿನಲ್ಲಿರುವ ಪೆಟ್ರೋಲ್ ಜೆಟ್ ಎಂಬ ಸಣ್ಣ ಹಿತ್ತಾಳೆ ತೂತಿನ ಮೂಲಕ ಮೇಲೇರಿ ಗಾಳಿಯಲ್ಲಿ ಬೆರೆಯುತ್ತದೆ.

ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದರೆ ಮೆಕ್ಯಾನಿಕ್‌ಗಳು ‘ರಿಚ್’ ಎನ್ನುತ್ತಾರೆ. ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾದರೆ ‘ಲೀನ್’. ಇಂಜಿನ್ ಅತಿ ಹೆಚ್ಚು ಶಕ್ತಿ ಕೊಡುವುದು ಸ್ವಲ್ಪ ರಿಚ್ ಇದ್ದಾಗ, ಅಂದರೆ ಒಂದು ಪಾಲು ಪೆಟ್ರೋಲಿಗೆ 12.5ರಿಂದ 13 ಪಾಲು ಗಾಳಿ ಇದ್ದಾಗ. ಹೆಚ್ಚು ಮೈಲೇಜ್ ಸಿಗುವುದು ಸ್ವಲ್ಪ ಲೀನ್ ಇದ್ದಾಗ, ಅಂದರೆ 15ರಿಂದ 16 ಪಾಲು ಗಾಳಿ ಇದ್ದಾಗ. ಒಂದು ದಿಕ್ಕಿಗೆ ಹೋದರೆ ಇನ್ನೊಂದು ದೂರವಾಗುತ್ತದೆ. ಸುಸ್ಥಿತಿಯಲ್ಲಿರುವ ಬೈಕಿನ ಜೆಟ್ ಬದಲಿಸಿದರೆ ಪಿಕಪ್ಪೂ ಮೈಲೇಜೂ ಒಟ್ಟಿಗೇ ಏರುತ್ತದೆ ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ “ನನ್ನ ಬೈಕಿಗೆ ನಿಜವಾಗಿಯೂ ಎರಡೂ ಹೆಚ್ಚಿತು” ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಹಾಗೇನಿಲ್ಲ. ಜೆಟ್ ಬದಲಿಸಲು ಕಾರ್ಬುರೇಟರ್ ಬಿಚ್ಚಿದಾಗ ಮೆಕ್ಯಾನಿಕ್ ಅದನ್ನು ತೊಳೆದಿರುತ್ತಾನೆ, ಕಟ್ಟಿಕೊಂಡಿದ್ದ ಪೈಲಟ್ ಜೆಟ್ ಊದಿರುತ್ತಾನೆ, ಪ್ಲಗ್ ಹೊಸದು ಹಾಕಿರುತ್ತಾನೆ. ಸುಧಾರಣೆ ಬಂದದ್ದು ಆ ಸ್ವಚ್ಛತೆಯಿಂದ, ಹೆಸರು ಹೋದದ್ದು ದೊಡ್ಡ ಜೆಟ್ಟಿಗೆ.

ಬೆಟ್ಟ ಹತ್ತಿದಾಗ ಆಗುವುದೇನು?

ಎತ್ತರ ಹೆಚ್ಚಿದಂತೆ ಗಾಳಿ ತೆಳ್ಳಗಾಗುತ್ತದೆ. ಮಡಿಕೇರಿಯ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು 10ರಿಂದ 11 ಶೇಕಡಾ ಕಡಿಮೆ. ಪ್ರತಿ ಸಲ ಪಿಸ್ಟನ್ ಗಾಳಿ ಎಳೆದಾಗಲೂ ಅಷ್ಟು ಆಮ್ಲಜನಕ ಕೊರತೆ. ಹಾಗಾಗಿ ಮಂಗಳೂರಿನಲ್ಲಿ 11 ಅಶ್ವಶಕ್ತಿ ಕೊಡುವ ಇಂಜಿನ್ ಮಡಿಕೇರಿಯಲ್ಲಿ 10ರ ಆಸುಪಾಸಿಗೆ ಬರುತ್ತದೆ. ಈ ನಷ್ಟವನ್ನು ಯಾವ ಜೆಟ್ಟೂ ತುಂಬಿಕೊಡಲಾರದು, ಏಕೆಂದರೆ ಕೊರತೆ ಇರುವುದು ಗಾಳಿಗೆ.

ಇದರ ಜೊತೆ ಇನ್ನೊಂದು ಬದಲಾವಣೆಯಾಗುತ್ತದೆ. ಗಾಳಿ ತೆಳ್ಳಗಾದಷ್ಟೇ ಪ್ರಮಾಣದಲ್ಲಿ ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಮಾಡುವುದಿಲ್ಲ. ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ ಮಿಶ್ರಣ ರಿಚ್ ಆಗುತ್ತಾ ಹೋಗುತ್ತದೆ. ಸಮುದ್ರಮಟ್ಟದಲ್ಲಿ ಸರಿಯಾಗಿ ಹೊಂದಿಸಿದ ಬೈಕ್ ಮಡಿಕೇರಿಗೆ ಬಂದರೆ ಸುಮಾರು 5ರಿಂದ 6 ಶೇಕಡಾ ರಿಚ್ ಆಗಿರುತ್ತದೆ. ಪ್ಲಗ್ ಕಪ್ಪಾಗುವುದು, ಹೊಗೆ, ನಿಧಾನ ವೇಗದಲ್ಲಿ ಇಂಜಿನ್ ಗೊಗ್ಗರು ದನಿ ಮಾಡುವುದು, ಇವು ಅದರ ಗುರುತು. ಇಂಥ ಬೈಕಿಗೆ ದೊಡ್ಡ ಜೆಟ್ ಹಾಕಿದರೆ ಇರುವ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಬೆಟ್ಟದ ಮೇಲೆ ಬೇಕಾಗುವುದು ಚಿಕ್ಕ ಜೆಟ್ ಎಂಬುದು ಹಿಂದಿನಿಂದ ಬಂದ ತಿಳಿವಳಿಕೆ, ತತ್ವದಲ್ಲಿ ಅದು ಸರಿ.

ಆದರೆ ಅಳತೆಯನ್ನು ಗಮನಿಸಿ. 5-6 ಶೇಕಡಾ ಎಂದರೆ ಜೆಟ್ ನಂಬರಿನಲ್ಲಿ ಒಂದು ಮೆಟ್ಟಿಲು. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿರುವುದರಿಂದ ಮೈಸೂರಿನಲ್ಲಿ ಟ್ಯೂನ್ ಮಾಡಿಸಿದ ಬೈಕಿಗೆ ಮಡಿಕೇರಿಯಲ್ಲಿ ಆಗುವ ವ್ಯತ್ಯಾಸ 2 ಶೇಕಡಾ ಮಾತ್ರ. ಅದಕ್ಕಾಗಿ ಜೆಟ್ ಮುಟ್ಟಬೇಕಾಗಿಯೇ ಇಲ್ಲ.

ಹವೆಯ ಪಾತ್ರವೂ ಕಡಿಮೆಯೇನಲ್ಲ. ಡಿಸೆಂಬರಿನ 10 ಡಿಗ್ರಿ ಚಳಿಯ ಮುಂಜಾನೆಗೂ ಏಪ್ರಿಲ್‌ನ 30 ಡಿಗ್ರಿ ಮಧ್ಯಾಹ್ನಕ್ಕೂ ಗಾಳಿಯ ಸಾಂದ್ರತೆಯಲ್ಲಿ ಸುಮಾರು 7 ಶೇಕಡಾ ವ್ಯತ್ಯಾಸವಿದೆ. ತಣ್ಣನೆ ಗಾಳಿ ದಟ್ಟ, ಅದರಲ್ಲಿ ಆಮ್ಲಜನಕ ಹೆಚ್ಚು. “ಚಳಿಯಲ್ಲಿ ಬೈಕ್ ಚೆನ್ನಾಗಿ ಎಳೆಯುತ್ತೆ” ಎಂಬ ಸವಾರರ ಅನುಭವ ಈ ಕಾರಣಕ್ಕೆ ನಿಜ.

ಸಂದೇಶ ಹೇಳುವುದು ಏನು, ಆಗುವುದು ಏನು?

*“ಮೇನ್ ಜೆಟ್ ಬದಲಿಸಿದರೆ ಏರಿನಲ್ಲಿ ಪಿಕಪ್ ಬರುತ್ತೆ.”* ಕಾರ್ಬುರೇಟರ್‌ನಲ್ಲಿ ಒಂದೇ ಅಳತೆ ಇಲ್ಲ. ಥ್ರಾಟಲ್ ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ ಕೆಲಸ ಮಾಡುತ್ತವೆ. ಕಾಲು ಭಾಗದವರೆಗೆ ಸ್ಲೈಡಿನ ಕೆಳಅಂಚಿನ ಆಕಾರ ಮುಖ್ಯ. ಕಾಲಿನಿಂದ ಮುಕ್ಕಾಲು ಭಾಗದವರೆಗೆ ನೀಡಲ್ ಎಂಬ ಸೂಜಿ. ಮೇನ್ ಜೆಟ್ಟಿನ ಸರದಿ ಬರುವುದು ಮುಕ್ಕಾಲು ದಾಟಿದ ಮೇಲೆ. ಕೊಡಗಿನ ಅಂಕುಡೊಂಕು ದಾರಿಗಳಲ್ಲಿ ಮುಕ್ಕಾಲಿಗಿಂತ ಹೆಚ್ಚು ಥ್ರಾಟಲ್ ಹಿಡಿದು ಎಷ್ಟು ಹೊತ್ತು ಓಡಿಸುತ್ತೀರಿ? ಹೆಚ್ಚಿನ ಸಮಯ ಬೈಕ್ ಓಡುವುದು ಪೈಲಟ್ ಮತ್ತು ನೀಡಲ್ ಮೇಲೆ. ನೀಡಲ್‌ನ ಕ್ಲಿಪ್ಪನ್ನು ಒಂದು ಗಾಡಿ ಮೇಲೆ ಅಥವಾ ಕೆಳಗೆ ಸರಿಸುವುದು ಜೆಟ್ ಬದಲಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಅದಕ್ಕೆ ಹೊಸ ಭಾಗವೂ ಬೇಡ, ಬೇಡವಾದರೆ ಮೊದಲಿನ ಜಾಗಕ್ಕೇ ತರಬಹುದು.

*“ಜೆಟ್ ಸಿಗದಿದ್ದರೆ ಇರುವುದನ್ನೇ ಸಣ್ಣ ಡ್ರಿಲ್‌ನಲ್ಲಿ ದೊಡ್ಡದು ಮಾಡಿಸಿ.”* ತೂತಿನ ಅಗಲ 1 ಮಿ.ಮೀ.ನಿಂದ 1.1 ಮಿ.ಮೀ.ಗೆ ಹೋದರೆ ಹೆಚ್ಚಿದ್ದು ಕೂದಲೆಳೆಯಷ್ಟೇ ಎನಿಸುತ್ತದೆ. ಆದರೆ ಪೆಟ್ರೋಲ್ ಹರಿಯುವ ಜಾಗ 21 ಶೇಕಡಾ ಹೆಚ್ಚಿರುತ್ತದೆ. ಮೇಲಾಗಿ ಡ್ರಿಲ್ ಮಾಡಿದ ತೂತಿನ ಒಳಮೈ ಒರಟಾಗಿ, ಹರಿವು ಲೆಕ್ಕಕ್ಕೆ ಸಿಗುವುದಿಲ್ಲ. ಒಮ್ಮೆ ಕೊರೆದ ಹಿತ್ತಾಳೆಯನ್ನು ಮತ್ತೆ ಕಿರಿದು ಮಾಡಲಾಗದು.

*“ಏರ್ ಫಿಲ್ಟರ್ ತೆಗೆದರೆ ಇಂಜಿನ್ ಸರಾಗ ಉಸಿರಾಡುತ್ತೆ.”* ಸದ್ದು ಹೆಚ್ಚುತ್ತದೆ, ಅದನ್ನೇ ನಾವು ಶಕ್ತಿ ಎಂದುಕೊಳ್ಳುತ್ತೇವೆ. ಫಿಲ್ಟರ್ ಮತ್ತು ಅದರ ಡಬ್ಬಿ ಒಡ್ಡುವ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಕಂಪನಿ ಜೆಟ್ ನಿಗದಿಮಾಡಿರುತ್ತದೆ. ಅದನ್ನು ತೆಗೆದರೆ ಮಿಶ್ರಣ ಲೀನ್ ಆಗುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ತೋಟದ ಮಣ್ಣುದಾರಿಯ ಧೂಳು ಎಷ್ಟಿರುತ್ತದೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಆ ಧೂಳಿನ ಗಟ್ಟಿ ಕಣಗಳು ಸಿಲಿಂಡರ್ ಗೋಡೆಯನ್ನು ಉಜ್ಜುಕಾಗದದಂತೆ ಸವೆಸುತ್ತವೆ. ಮಳೆಗಾಲದಲ್ಲಿ ಅದೇ ದಾರಿಯಿಂದ ನೀರಿನ ಹನಿ ಒಳಹೋಗುತ್ತದೆ.

*“ದೊಡ್ಡ ಬಾಯಿಯ ಕಾರ್ಬುರೇಟರ್ ಹಾಕಿಸಿ.”* 20 ಮಿ.ಮೀ. ಬಾಯಿಯ ಬದಲು 28 ಮಿ.ಮೀ. ಕೂರಿಸಿದರೆ ದಾರಿಯ ವಿಸ್ತೀರ್ಣ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ರೇಸಿನಲ್ಲಿ ಇಂಜಿನ್ ಸದಾ ಹೆಚ್ಚು ಸುತ್ತಿನಲ್ಲಿ ತಿರುಗುತ್ತಿರುವುದರಿಂದ ಅಲ್ಲಿ ಇದು ಉಪಯೋಗಕ್ಕೆ ಬರಬಹುದು, ಅದೂ ಪೋರ್ಟ್, ಸೈಲೆನ್ಸರ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಬದಲಿಸಿದಾಗ. ಹಿಂದೊಬ್ಬರನ್ನು ಕೂರಿಸಿಕೊಂಡು ಎರಡನೇ ಗೇರಿನಲ್ಲಿ ಏರು ಹತ್ತುವಾಗ ಕಥೆ ಬೇರೆ. ಅಗಲವಾದ ದಾರಿಯಲ್ಲಿ ಗಾಳಿಯ ವೇಗ ಇಳಿದು, ಪೆಟ್ರೋಲ್ ಎಳೆಯುವ ಸೆಳೆತವೇ ಸಾಲದೆ ಇಂಜಿನ್ ಮುಗ್ಗರಿಸುತ್ತದೆ. ಏರಿನಲ್ಲಿ ಪಿಕಪ್ ಬೇಕೆಂದು ಹಾಕಿಸಿದ್ದು ಏರಿನಲ್ಲೇ ಕೈಕೊಡುತ್ತದೆ.

*“ಪೆಟ್ರೋಲಿಗೆ ನುಸಿಗುಳಿಗೆ ಹಾಕಿ, ಪೈಪಿಗೆ ಆಯಸ್ಕಾಂತ ಕಟ್ಟಿ.”* ನುಸಿಗುಳಿಗೆಯ ನ್ಯಾಫ್ತಲೀನ್ ಪೆಟ್ರೋಲಿನಲ್ಲಿ ಕರಗುತ್ತದೆ, ನಿಜ. ಆದರೆ ನಿಲ್ಲಿಸಿದ ಬೈಕಿನಲ್ಲಿ ಪೆಟ್ರೋಲ್ ಆರಿದಾಗ ಅದು ಮತ್ತೆ ಗಟ್ಟಿಯಾಗಿ ಜೆಟ್ ಕಟ್ಟಿಕೊಳ್ಳಬಹುದು. ಆಯಸ್ಕಾಂತ ಪೆಟ್ರೋಲಿನ ಉರಿಯುವ ಗುಣವನ್ನು ಬದಲಿಸುವುದಿಲ್ಲ. ಪೆಟ್ರೋಲ್ ಉಳಿಸುತ್ತವೆ ಎಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಉಪಕರಣಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರಿಶೀಲಿಸಿದೆ. ಮೈಲೇಜನ್ನು ಗಮನಾರ್ಹವಾಗಿ ಹೆಚ್ಚಿಸುವ ಒಂದೂ ಅದಕ್ಕೆ ಸಿಗಲಿಲ್ಲ.

ಇ20 ಪೆಟ್ರೋಲ್ ಬದಲಿಸಿದ ಲೆಕ್ಕ

ಹಳೆಯ ಟ್ಯೂನಿಂಗ್ ಸಲಹೆಗಳೆಲ್ಲ ಶುದ್ಧ ಪೆಟ್ರೋಲಿನ ಕಾಲದವು. ಈಗ ಬಂಕ್‌ನಲ್ಲಿ ಸಿಗುವ ಇ20ರಲ್ಲಿ 20 ಶೇಕಡಾ ಎಥನಾಲ್ ಇರುತ್ತದೆ. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಒಂದು ಕಿಲೋ ಎಥನಾಲಿಗೆ 9 ಕಿಲೋ ಗಾಳಿ ಸಾಕು. ಇ20 ಮಿಶ್ರಣಕ್ಕೆ ಬೇಕಾಗುವುದು ಸುಮಾರು 13.5 ಕಿಲೋ. ಅಂದರೆ ಶುದ್ಧ ಪೆಟ್ರೋಲಿಗೆ ಸರಿಯಾಗಿ ಹೊಂದಿಸಿದ್ದ ಜೆಟ್ಟಿನಲ್ಲಿ ಇ20 ಹರಿದರೆ ಮಿಶ್ರಣ 7ರಿಂದ 8 ಶೇಕಡಾ ಲೀನ್ ಆಗುತ್ತದೆ.

ಈಗ ಎರಡು ಲೆಕ್ಕವನ್ನೂ ಒಟ್ಟಿಗಿಡಿ. ಮಡಿಕೇರಿಯ ಎತ್ತರ ಮಿಶ್ರಣವನ್ನು 5-6 ಶೇಕಡಾ ರಿಚ್ ಮಾಡುತ್ತದೆ, ಇ20 ಅದನ್ನು 7-8 ಶೇಕಡಾ ಲೀನ್ ಮಾಡುತ್ತದೆ. ಎರಡೂ ಬಹುಪಾಲು ಒಂದನ್ನೊಂದು ಹೊಡೆದುಹಾಕುತ್ತವೆ. ಸಮುದ್ರಮಟ್ಟಕ್ಕೆಂದು ಹೊಂದಿಸಿದ ಹಳೇ ಜೆಟ್ ಇವತ್ತಿನ ಪೆಟ್ರೋಲಿನಲ್ಲಿ ಮಡಿಕೇರಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ.

ಆದರೆ “ಬೆಟ್ಟಕ್ಕೆ ಚಿಕ್ಕ ಜೆಟ್” ಎಂಬ ಹಳೇ ಸಲಹೆಯನ್ನು ಈಗಲೂ ಕಣ್ಣುಮುಚ್ಚಿ ಪಾಲಿಸಿದವರ ಬೈಕ್ ಮಡಿಕೇರಿಯಲ್ಲೇ ಲೀನ್ ಆಗಿರುತ್ತದೆ. ಅದೇ ಬೈಕ್ ಸಂಪಾಜೆ ಇಳಿದು ಪುತ್ತೂರು, ಮಂಗಳೂರಿನ ದಟ್ಟ ಗಾಳಿಗೆ ಹೋದರೆ 13-14 ಶೇಕಡಾ ಲೀನ್. ಅಲ್ಲಿ ನೇರ ಹೆದ್ದಾರಿ ಸಿಕ್ಕಿತೆಂದು ಥ್ರಾಟಲ್ ಪೂರ್ತಿ ತಿರುವಿದರೆ ಅಪಾಯ ಶುರು. ಇದು ಸ್ಥೂಲ ಲೆಕ್ಕ, ಪ್ರತಿ ಬೈಕಿನ ಸ್ಥಿತಿ ಬೇರೆ ಇರುತ್ತದೆ. ಆದರೂ ದಿಕ್ಕು ಇದೇ.

ಇ20 ಎಂದರೆ ಎಲ್ಲವೂ ಕೆಟ್ಟದ್ದೆಂದು ಹೇಳುವ ಸಂದೇಶಗಳೂ ಪೂರ್ತಿ ಸರಿಯಲ್ಲ. ಎಥನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರಿ ಒಳಬರುವ ಮಿಶ್ರಣವನ್ನು ತಂಪಾಗಿಸುತ್ತದೆ, ಅದರ ಆಕ್ಟೇನ್ ಮಟ್ಟವೂ ಹೆಚ್ಚು. ಇ10ಕ್ಕೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20 ಬಳಸಿದರೆ ಮೈಲೇಜ್ 3-4 ಶೇಕಡಾ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿತ್ತು. ಹಳೇ ಬೈಕಿಗೆ ಹೆಚ್ಚು ಕಾಡುವುದು ರಬ್ಬರ್ ಮತ್ತು ನೀರು. ಹಳೇ ಪೆಟ್ರೋಲ್ ಪೈಪು, ಓ ರಿಂಗ್, ಫ್ಲೋಟ್ ಸೂಜಿಯ ತುದಿ ಎಥನಾಲಿನಲ್ಲಿ ಊದಿಕೊಂಡೋ ಬಿರುಕುಬಿಟ್ಟೋ ಹಾಳಾಗಬಹುದು. ಎಥನಾಲ್ ತೇವವನ್ನು ಹೀರುತ್ತದೆ. ಮಿತಿ ಮೀರಿ ನೀರು ಸೇರಿದರೆ ಎಥನಾಲೂ ನೀರೂ ಒಟ್ಟಾಗಿ ಟ್ಯಾಂಕಿನ ತಳಕ್ಕೆ ಇಳಿದು ನಿಲ್ಲುತ್ತವೆ. ವರ್ಷಕ್ಕೆ 3 ಸಾವಿರ ಮಿ.ಮೀ. ದಾಟಿ ಮಳೆ ಸುರಿಯುವ ಮಡಿಕೇರಿಯಂಥ ಊರಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯ ಪಕ್ಕ ನಿಂತೇ ಇರುವ ಹಳೇ ಬೈಕಿಗೆ ಇದು ನಿಜವಾದ ತೊಂದರೆ. ಹುತ್ತರಿ ಹೊತ್ತಿಗೆ ಸ್ಟಾರ್ಟ್ ಆಗದಿದ್ದರೆ ದೂರಬೇಕಾದದ್ದು ಜೆಟ್ಟಿನ ಗಾತ್ರವನ್ನಲ್ಲ.

ಘಾಟಿ ಇಳಿಯುವಾಗ ಟೂ ಸ್ಟ್ರೋಕ್ ಸವಾರರು ತಿಳಿದಿರಬೇಕಾದ್ದು

ಫೋರ್ ಸ್ಟ್ರೋಕ್ ಬುಲೆಟ್‌ನಲ್ಲಿ ಇಂಜಿನ್ ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಜಾವಾ, ಯೆಜ್ಡಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತೇವೆ. ಅಂದರೆ ಜೆಟ್ ಅಳೆದು ಕೊಡುವುದು ಪೆಟ್ರೋಲ್ ಒಂದನ್ನೇ ಅಲ್ಲ, ಇಂಜಿನ್ನಿನ ಜಿಡ್ಡನ್ನೂ ಅದೇ ಅಳೆಯುತ್ತದೆ. ಮಿಶ್ರಣ ಲೀನ್ ಆದರೆ ಎರಡು ಕಡೆಯಿಂದ ಪೆಟ್ಟು: ಉರಿಯ ಬಿಸಿ ಹೆಚ್ಚುತ್ತದೆ, ಜಿಡ್ಡು ಕಡಿಮೆಯಾಗುತ್ತದೆ. ಬಿಸಿಗೆ ಹಿಗ್ಗಿದ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಳ್ಳುತ್ತದೆ. ಸೀಜ್ ಆಗುವುದು ಎಂದರೆ ಇದೇ. ಇಂಜಿನ್ ನಿಂತ ಕ್ಷಣ ಹಿಂದಿನ ಚಕ್ರವೂ ನಿಲ್ಲುತ್ತದೆ. ಒದ್ದೆ ಘಾಟಿಯಲ್ಲಿ ಹಾಗಾದರೆ ಬೈಕ್ ಜಾರಿ ಬೀಳಲು ಒಂದು ಕ್ಷಣ ಸಾಕು.

ಉದ್ದನೆಯ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವಾಗಲೂ ಇದೇ ಸ್ಥಿತಿ ಬರಬಹುದು. ಚಕ್ರ ಇಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಆದರೆ ಪೆಟ್ರೋಲ್ ಹೋಗದ ಕಾರಣ ಆಯಿಲೂ ಹೋಗುವುದಿಲ್ಲ. ಆರ್‌ಎಕ್ಸ್ 100ರಲ್ಲಿ ಆಯಿಲಿಗೆ ಪ್ರತ್ಯೇಕ ಪಂಪ್ ಇದೆ, ಅದೂ ಥ್ರಾಟಲ್ ಮುಚ್ಚಿದಾಗ ಕೊಡುವುದು ಕನಿಷ್ಠ ಪ್ರಮಾಣ. ಹಾಗಾಗಿ ಸಂಪಾಜೆಯಲ್ಲೋ ವಿರಾಜಪೇಟೆಯಿಂದ ಕೇರಳಕ್ಕಿಳಿಯುವ ಮಾಕುಟ್ಟ ಘಾಟಿಯಲ್ಲೋ ಇಳಿಯುವಾಗ ಕೆಲವು ಸೆಕೆಂಡುಗಳಿಗೊಮ್ಮೆ ಥ್ರಾಟಲ್ ಸ್ವಲ್ಪ ತೆರೆದು ಬಿಡಿ. ಪೆಟ್ರೋಲ್ ಉಳಿಸಲೆಂದು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಬಿಡಬೇಡಿ, ಹಳೇ ಡ್ರಮ್ ಬ್ರೇಕ್ ಬಿಸಿಯಾದರೆ ಹಿಡಿಯುವುದಿಲ್ಲ. ಓಡುತ್ತಿರುವ ಬೈಕ್ ಇದ್ದಕ್ಕಿದ್ದಂತೆ ಬಿಗಿಯಾದಂತೆ, ದನಿ ಬದಲಾದಂತೆ ಅನಿಸಿದರೆ ತಕ್ಷಣ ಕ್ಲಚ್ ಹಿಡಿಯಿರಿ. ಫಾರ್ವರ್ಡ್ ಮಾಡಲು ಯೋಗ್ಯವಾದ ಮಾತು ಒಂದಿದ್ದರೆ ಅದು ಇದು.

ಕಾನೂನು ಏನು ಹೇಳುತ್ತದೆ?

ಸ್ವಚ್ಛ ಮಾಡುವುದು, ಸವೆದ ಭಾಗಕ್ಕೆ ಅದೇ ಅಳತೆಯ ಭಾಗ ಹಾಕುವುದು ರಿಪೇರಿ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪುಸ್ತಕದ ವಿವರಕ್ಕೂ ಕಂಪನಿಯ ಮೂಲ ವಿವರಕ್ಕೂ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. 2000ದ ಮಾರ್ಚ್‌ಗಿಂತ ಹಿಂದಿನ ಬೈಕುಗಳಿಗೂ ಎಮಿಷನ್ ಟೆಸ್ಟ್ ಇದೆ. ನಿಂತಲ್ಲೇ ಓಡುವಾಗ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾ ಮೀರಬಾರದು. ಮಿಶ್ರಣ ವಿಪರೀತ ರಿಚ್ ಇರುವ ಬೈಕ್ ಇಲ್ಲೇ ಸಿಕ್ಕಿಬೀಳುತ್ತದೆ.

“ವಿಂಟೇಜ್ ಬೈಕಿಗೆ ಇದೆಲ್ಲ ಅನ್ವಯಿಸುವುದಿಲ್ಲ” ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆ ನಂಬರ್ ಸಿಗುತ್ತದೆ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ವಾಹನ ಮೂಲ ರೂಪದಲ್ಲಿರಬೇಕು, ಇಂಜಿನ್, ಚಾಸಿಯಲ್ಲಿ ಗಣನೀಯ ಬದಲಾವಣೆ ಆಗಿರಬಾರದು. 1980ರ ದಶಕದ ಯೆಜ್ಡಿ, ಆರ್‌ಎಕ್ಸ್ 100 ಕಾನೂನಿನ ಲೆಕ್ಕದಲ್ಲಿ ಇನ್ನೂ ವಿಂಟೇಜ್ ಅಲ್ಲ. ಮೂಲ ಕಾರ್ಬುರೇಟರ್ ಬದಲಿಸಿದ್ದರೆ ಅದನ್ನು ಎಸೆಯದೆ ಜೋಪಾನವಾಗಿಡಿ.

ಹಾಗಾದರೆ ಏನು ಮಾಡಿಸಬೇಕು?

ಈ ಕ್ರಮದಲ್ಲಿ ಹೋದರೆ ಖರ್ಚು ಕಡಿಮೆ, ಫಲ ಹೆಚ್ಚು.

1. ಮೊದಲು ಇಂಜಿನ್ ನೋಡಿಸಿ. ಕಂಪ್ರೆಷನ್ ಹೋಗಿದ್ದರೆ, ಟೈಮಿಂಗ್ ತಪ್ಪಿದ್ದರೆ ಯಾವ ಜೆಟ್ಟೂ ಕೆಲಸ ಮಾಡದು.
2. ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್, ಗ್ಯಾಸ್ಕೆಟ್‌ನಲ್ಲಿ ಬಿರುಕಿದೆಯೇ ಪರೀಕ್ಷಿಸಿ. ಅಲ್ಲಿಂದ ಗಾಳಿ ಎಳೆಯುತ್ತಿದ್ದರೆ ಬೈಕ್ ಲೀನ್ ಆಗಿಯೇ ಓಡುತ್ತದೆ.
3. ಕಾರ್ಬುರೇಟರ್ ಪೂರ್ತಿ ಬಿಚ್ಚಿ ತೊಳೆಸಿ. ಜೆಟ್ಟಿನ ತೂತಿಗೆ ತಂತಿ ಹಾಕಬೇಡಿ, ಗಾಳಿ ಊದಿಸಿ. ಫ್ಲೋಟ್ ಮಟ್ಟ ಸರಿಪಡಿಸಿ.
4. ಪೆಟ್ರೋಲ್ ಪೈಪು, ಓ ರಿಂಗ್‌ಗಳನ್ನು ಎಥನಾಲ್ ತಡೆಯುವ ಬಗೆಯವಕ್ಕೆ ಬದಲಿಸಿ.
5. ಜೆಟ್, ನೀಡಲ್ ಎಲ್ಲವನ್ನೂ ಬೈಕಿನ ಕೈಪಿಡಿಯಲ್ಲಿರುವ ಮೂಲ ಅಳತೆಗೆ ತನ್ನಿ. ಹೊಸ ಫಿಲ್ಟರ್, ಹೊಸ ಪ್ಲಗ್ ಹಾಕಿ.
6. ಒಂದೆರಡು ದಿನ ಓಡಿಸಿ ಪ್ಲಗ್ ನೋಡಿ. ಕಂದು ಬಣ್ಣವಿದ್ದರೆ ಸರಿ, ಮಸಿಯಂತೆ ಕಪ್ಪಿದ್ದರೆ ರಿಚ್, ಸುಣ್ಣದಂತೆ ಬೆಳ್ಳಗಿದ್ದರೆ ಲೀನ್.
7. ಆಮೇಲೂ ಬದಲಾವಣೆ ಬೇಕೆನಿಸಿದರೆ ಏರ್ ಸ್ಕ್ರೂ, ನಂತರ ನೀಡಲ್ ಕ್ಲಿಪ್, ಕೊನೆಗೆ ಜೆಟ್. ಒಂದು ಸಲಕ್ಕೆ ಒಂದೇ ಬದಲಾವಣೆ, ಒಂದೇ ಮೆಟ್ಟಿಲು.
8. ಕೆಳನಾಡಿಗೂ ಹೋಗಿಬರುವವರಾದರೆ ಕೆಳಗಿನ ದಟ್ಟ ಗಾಳಿಗೆ ಹೊಂದುವಂತೆ ಇಡಿ. ಮೇಲೆ ಬಂದಾಗ ಸ್ವಲ್ಪ ರಿಚ್ ಆದರೆ ಪ್ಲಗ್ ಕಪ್ಪಾಗುತ್ತದೆ ಅಷ್ಟೇ. ಕೆಳಗೆ ಹೋದಾಗ ಲೀನ್ ಆದರೆ ಪಿಸ್ಟನ್ ಹೋಗುತ್ತದೆ.
9. ಮಳೆಗಾಲಕ್ಕೆ ಬೈಕ್ ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬುರೇಟರ್ ಬಟ್ಟಲನ್ನು ಖಾಲಿ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ

ಮುಂದಿನ ಸಲ ಜೆಟ್ ನಂಬರ್ ಹೊತ್ತ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಇದನ್ನು ಬರೆದವರ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ? ಅವರು ಹಾಕಿದ್ದು ಯಾವ ಪೆಟ್ರೋಲ್? ಜೆಟ್ ಬದಲಿಸುವ ಮುಂಚೆ ಅವರ ಬೈಕ್ ಸುಸ್ಥಿತಿಯಲ್ಲಿತ್ತೇ? ಉತ್ತರ ಇಲ್ಲದಿದ್ದರೆ ಆ ನಂಬರ್ ಇನ್ನೊಬ್ಬರ ಕನ್ನಡಕದ ಪವರ್ ಇದ್ದಂತೆ. ಅವರಿಗೆ ಚೆನ್ನಾಗಿ ಕಾಣಿಸುತ್ತಿರಬಹುದು, ಅದನ್ನೇ ಹಾಕಿಕೊಂಡು ನೀವು ಘಾಟಿ ಇಳಿಯಲಾಗದು. ನಿಮ್ಮ ಬೈಕಿಗೆ ಸರಿಯಾದ ಅಳತೆ ಹೇಳುವುದು ಅದರ ಪ್ಲಗ್ಗಿನ ಬಣ್ಣ ಮತ್ತು ಅದನ್ನು ನೋಡಿ ಗೊತ್ತಿರುವ ನಿಮ್ಮೂರಿನ ಮೆಕ್ಯಾನಿಕ್.